ಬಹುಸಾಮರ್ಥ್ಯದ ಕಾಂಡಕೋಶಗಳು ಹಾಗೂ ಭ್ರೂಣದ ಆರಂಭಿಕ ಬೆಳವಣಿಗೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಸ್ಟೆಮ್ ಸೆಲ್ ಚಿಕಿತ್ಸೆಗಾಗಿ ನೆರವು ಕೋರಲಿಚ್ಛಿಸುವ ಕಲಬುರಗಿ ನಗರ, ಕಮಲಾಪುರ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರು ಹಣ ಪಾವತಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ಒದಗಿಸಲಾಗಿದೆ. ರೋಗಪೀಡಿತ ಮಗುವಿಗಾಗಿ ಹೊಲ ಮಾರಿ ಅಥವಾ ಸಾಲ ಪಡೆದು ಹಣ ಹೊಂದಿಸುವ ಕುಟುಂಬಗಳು ಇದನ್ನು ಪೂರ್ಣವಾಗಿ ಓದಿಕೊಳ್ಳತಕ್ಕದ್ದು.

2. ಕಾಂಡಕೋಶ ಎಂದರೇನು?

ತನ್ನಂತಹ ಕೋಶಗಳನ್ನು ಹುಟ್ಟಿಸುವ ಹಾಗೂ ಬೇರೆ ಬಗೆಯ ಕೋಶವಾಗಿ ಮಾರ್ಪಡುವ ಶಕ್ತಿಯುಳ್ಳ ಕೋಶವೇ ಕಾಂಡಕೋಶ. ಭೌಗೋಳಿಕ ಸೂಚಿಕೆ ಪಡೆದಿರುವ ಕೆಂಪು ಬಾಳೆಯಿಂದ ಹೆಸರಾದ ಕಮಲಾಪುರದ ರೈತರಿಗೆ ಅಂಗಾಂಶ ಕೃಷಿಯ ಬಾಳೆ ಸಸಿ ಹೊಸದೇನಲ್ಲ. ಬಾಳೆಯ ಬೆಳೆಯುವ ತುದಿಯ ಸಣ್ಣ ತುಣುಕಿನಿಂದ ಪ್ರಯೋಗಾಲಯದಲ್ಲಿ ಪೂರ್ಣ ಸಸಿಯನ್ನು ಪಡೆಯಬಹುದು. ಮನುಷ್ಯನಲ್ಲಿ ಇದನ್ನು ಹೋಲುವ ವ್ಯಾಪಕ ಸಾಮರ್ಥ್ಯವು ಭ್ರೂಣದ ಆರಂಭಿಕ ದಿನಗಳಿಗೆ ಸೀಮಿತವಾಗಿದೆ.

3. ಭ್ರೂಣದ ಬೆಳವಣಿಗೆಯ ಹಂತಗಳು

ಅ) ಮೊದಲ 3 ದಿನಗಳು: ಫಲಿತ ಅಂಡವು ವಿಭಜನೆಗೊಂಡು 2, 4, ನಂತರ ಸುಮಾರು 8 ಕೋಶಗಳಾಗುತ್ತದೆ.
ಆ) 5 ರಿಂದ 6ನೇ ದಿನ: ಭ್ರೂಣವು ಪೊಳ್ಳು ಚೆಂಡಿನ ಆಕಾರ ತಳೆಯುತ್ತದೆ. ಹೊರಪದರದಿಂದ ಮಾಸು ರೂಪುಗೊಳ್ಳುತ್ತದೆ. ಒಳಗಿನ ಕೋಶಗುಚ್ಛವು ದೇಹದ ಎಲ್ಲ ಬಗೆಯ ಕೋಶಗಳಾಗಬಲ್ಲದು. ಇವೇ ಬಹುಸಾಮರ್ಥ್ಯದ ಕಾಂಡಕೋಶಗಳು.
ಇ) 3ನೇ ವಾರ: ಮೂರು ಪದರಗಳು ಏರ್ಪಡುತ್ತವೆ. ಹೊರಪದರದಿಂದ ಮೆದುಳು ಮತ್ತು ಚರ್ಮ, ನಡುಪದರದಿಂದ ಹೃದಯ, ರಕ್ತ ಮತ್ತು ಮೂಳೆ, ಒಳಪದರದಿಂದ ಕರುಳು ಮತ್ತು ಶ್ವಾಸಕೋಶದ ಒಳಹೊದಿಕೆ ರೂಪುಗೊಳ್ಳುತ್ತವೆ.
ಈ) ಸುಮಾರು 28ನೇ ದಿನ: ಮೆದುಳು ಮತ್ತು ಬೆನ್ನುಹುರಿಯಾಗುವ ನರನಾಳವು ಮುಚ್ಚಿಕೊಳ್ಳುತ್ತದೆ.

ನರನಾಳ ಮುಚ್ಚುವ ವೇಳೆಗೆ ಅನೇಕ ಮಹಿಳೆಯರಿಗೆ ಗರ್ಭ ನಿಂತಿರುವುದೇ ತಿಳಿದಿರುವುದಿಲ್ಲ. ಆದುದರಿಂದ ಗರ್ಭ ಧರಿಸಲಿಚ್ಛಿಸುವವರು ವೈದ್ಯರ ಸಲಹೆಯಂತೆ ಮುಂಚಿತವಾಗಿಯೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸುವುದು ಅಗತ್ಯ. ಇದರಿಂದ ನರನಾಳದ ನ್ಯೂನತೆಯ ಸಂಭವ ಕಡಿಮೆಯಾಗುತ್ತದೆ.

4. ಸಂಶೋಧನೆ

ಮಾನವ ಭ್ರೂಣದ ಕಾಂಡಕೋಶಗಳನ್ನು 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಅವರ ತಂಡವು ಪ್ರತ್ಯೇಕಿಸಿತು. ಜಪಾನಿನ ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನು ಬಹುಸಾಮರ್ಥ್ಯದ ಸ್ಥಿತಿಗೆ ಮರಳಿಸಿದರು. 2012ರಲ್ಲಿ ಜಾನ್ ಗರ್ಡನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡವು ಎರಡು ಮಾನವ ಭ್ರೂಣ ಕಾಂಡಕೋಶ ಸಾಲುಗಳನ್ನು ಅಭಿವೃದ್ಧಿಪಡಿಸಿದೆ.

5. ಕಾನೂನು ಹಾಗೂ ಮಾರ್ಗಸೂಚಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ರಾಷ್ಟ್ರೀಯ ಮಾರ್ಗಸೂಚಿಯಂತೆ ಮಾನವ ಭ್ರೂಣವನ್ನು ಪ್ರಯೋಗಾಲಯದಲ್ಲಿ 14 ದಿನಗಳಿಗಿಂತ ಹೆಚ್ಚು ಬೆಳೆಸುವಂತಿಲ್ಲ. ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮ, 2021ರಂತೆ ಭ್ರೂಣದ ಮಾರಾಟವು ಅಪರಾಧವಾಗಿರುತ್ತದೆ. ಶೇಖರಿಸಿದ ಭ್ರೂಣವನ್ನು ಸಂಶೋಧನೆಗೆ ನೀಡಲು ದಂಪತಿಯ ಒಪ್ಪಿಗೆ ಕಡ್ಡಾಯ. ಆಸ್ಪತ್ರೆಯು ನೀಡುವ ಒಪ್ಪಿಗೆ ಪತ್ರವನ್ನು ಓದಿಸಿಕೊಂಡು, ಅರ್ಥವಾದ ನಂತರವೇ ಸಹಿ ಮಾಡುವುದು.

6. ಅನುಮತಿಸಲಾದ ಚಿಕಿತ್ಸೆ ಯಾವುದು?

ಸದರಿ ಮಾರ್ಗಸೂಚಿಯಂತೆ, ನಿಗದಿತ ರಕ್ತ ಸಂಬಂಧಿ ಹಾಗೂ ಇತರ ಅನುಮೋದಿತ ಕಾಯಿಲೆಗಳಿಗೆ ರಕ್ತಜನಕ ಕಾಂಡಕೋಶ ಕಸಿ, ಅಂದರೆ ಅಸ್ಥಿಮಜ್ಜೆ ಕಸಿ, ಅಂಗೀಕೃತ ಚಿಕಿತ್ಸೆಯಾಗಿದೆ. ಇದಕ್ಕೆ ಭ್ರೂಣದ ಕೋಶಗಳು ಬೇಕಾಗುವುದಿಲ್ಲ. ರೋಗಿಯ ಅಥವಾ ಹೊಂದಿಕೆಯಾಗುವ ದಾನಿಯ ಕೋಶಗಳು ಸಾಕು. ಇತರ ಬಳಕೆಗಳನ್ನು ಪ್ರಯೋಗವೆಂದು ಪರಿಗಣಿಸಲಾಗುತ್ತದೆ. ಆಟಿಸಂ ಇರುವ ಮಕ್ಕಳಿಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಶಿಫಾರಸು ಮಾಡಿರುವುದಿಲ್ಲ. ಬಹುಸಾಮರ್ಥ್ಯದ ಕೋಶಗಳನ್ನು ಮಾರ್ಪಡಿಸದೆ ದೇಹಕ್ಕೆ ಸೇರಿಸಿದಲ್ಲಿ ಗೆಡ್ಡೆಯಾಗುವ ಅಪಾಯವಿರುತ್ತದೆ. ಮಗುವಿನ ಸ್ವಂತ ಬಳಕೆಗೆಂದು ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿಯಾಗಿ ಶೇಖರಿಸಿಡುವುದನ್ನೂ ಮಂಡಳಿಯು ಶಿಫಾರಸು ಮಾಡುವುದಿಲ್ಲ.

7. ಹಣ ಪಾವತಿಸುವ ಮುನ್ನ ಅನುಸರಿಸಬೇಕಾದ ಕ್ರಮ

1) ರೋಗದ ಹೆಸರು, ಚಿಕಿತ್ಸೆಯ ಹೆಸರು ಹಾಗೂ ಅಂದಾಜು ವೆಚ್ಚವನ್ನು ಲಿಖಿತವಾಗಿ ಪಡೆಯುವುದು.
2) ಅದು ಅಂಗೀಕೃತ ಚಿಕಿತ್ಸೆಯೋ, ಪ್ರಯೋಗವೋ ಎಂಬುದನ್ನು ಲಿಖಿತವಾಗಿ ಕೇಳುವುದು.
3) ಪ್ರಯೋಗವಾಗಿದ್ದಲ್ಲಿ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಹಾಗೂ ನೈತಿಕ ಸಮಿತಿಯ ಅನುಮೋದನೆಯ ವಿವರ ಪಡೆಯುವುದು. ಪ್ರಯೋಗದ ಚಿಕಿತ್ಸೆಗೆ ರೋಗಿಯಿಂದ ಹಣ ಕೇಳಿದಲ್ಲಿ ಪಾವತಿಸದೆ ಜಿಲ್ಲಾ ಆರೋಗ್ಯಾಧಿಕಾರಿಗಳ ಗಮನಕ್ಕೆ ತರುವುದು.
4) ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ತಜ್ಞರಿಂದ ಎರಡನೆಯ ಅಭಿಪ್ರಾಯ ಪಡೆಯುವುದು. ಕಮಲಾಪುರ ತಾಲ್ಲೂಕಿನವರು ಮೊದಲು ಸ್ಥಳೀಯ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣಬಹುದು.

8. ಆರ್ಥಿಕ ನೆರವು

ಅರ್ಹ ಥಲಸ್ಸೇಮಿಯಾ ರೋಗಿಗಳ ಅಸ್ಥಿಮಜ್ಜೆ ಕಸಿಗೆ ಕೋಲ್ ಇಂಡಿಯಾ ಸಂಸ್ಥೆಯ ಅನುದಾನದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಡಿ ನಿಗದಿತ ಆಸ್ಪತ್ರೆಗಳಲ್ಲಿ ರೂ. 10 ಲಕ್ಷದವರೆಗೆ ನೆರವು ಲಭ್ಯವಿರುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ನೆರವು ದೊರೆಯುವುದರಿಂದ, ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸತಕ್ಕದ್ದು.

ವಿ.ಸೂ.: ಸಾಬೀತಾಗದ ಚಿಕಿತ್ಸೆಗೆ ಹಣ ಕಳೆದುಕೊಂಡಲ್ಲಿ ಅಂಗೀಕೃತ ಚಿಕಿತ್ಸೆಗೆ ಬೇಕಾದ ಹಣವೂ ಸಮಯವೂ ಉಳಿಯುವುದಿಲ್ಲ. ನಾಗರಿಕರು ವಿಚಾರಿಸಿದ ನಂತರವೇ ಮುಂದುವರಿಯಲು ಕೋರಲಾಗಿದೆ.