ಹೆರಾತಿನ ಅತಿಥಿ ಕಂಡ ವಿಜಯನಗರ

1443ನೇ ಇಸವಿಯ ಬೇಸಿಗೆ. ವಿಜಯನಗರದ ಅರಮನೆಯಲ್ಲಿ ದೊರೆ ಎರಡನೇ ದೇವರಾಯನ ಎದುರು ಪರದೇಶದ ರಾಯಭಾರಿಯೊಬ್ಬ ಬೆವರಿನಲ್ಲಿ ತೊಯ್ದು ಹೋಗಿದ್ದ. ರಾಜಸಭೆಯ ಮರ್ಯಾದೆಗೆಂದು ಒಂದರ ಮೇಲೊಂದು ನಿಲುವಂಗಿ ತೊಟ್ಟು ಬಂದದ್ದೇ ಅದಕ್ಕೆ ಕಾರಣ. ಅವನ ಪಾಡು ಕಂಡ ದೊರೆ ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಅವನಿಗೆ ಕೊಟ್ಟುಬಿಟ್ಟ.

ಹೀಗೆ ಬೀಸಣಿಗೆ ಪಡೆದವನು ಅಬ್ದುಲ್ ರಜಾಕ್. ಈಗಿನ ಅಫ್ಘಾನಿಸ್ತಾನದಲ್ಲಿರುವ ಹೆರಾತ್ ನಗರದ ಖಾಜಿಯೊಬ್ಬರ ಮಗ. ತೈಮೂರನ ಮಗ ಷಾರುಖ್ ದೊರೆಯ ರಾಯಭಾರಿಯಾಗಿ 1442ರಲ್ಲಿ ಊರು ಬಿಟ್ಟಾಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಪ್ರವಾಸದ ಹುಚ್ಚು ಅವನಿಗೆ ಇರಲಿಲ್ಲ. ಹೋರ್ಮುಜ್ ಬಂದರಿನಲ್ಲಿ ಹಡಗು ಹತ್ತುವಾಗಲೇ ಸಮುದ್ರದ ಭಯಕ್ಕೆ ಪ್ರಜ್ಞೆ ತಪ್ಪಿದ್ದಾಗಿ ಅವನೇ ಬರೆದುಕೊಂಡಿದ್ದಾನೆ. ಕಲ್ಲಿಕೋಟೆಯಲ್ಲಿ ಇಳಿದ ಅವನಿಗೆ ಆ ಊರು ಹಿಡಿಸಲಿಲ್ಲ. ಅಷ್ಟರಲ್ಲಿ ದೇವರಾಯನಿಂದ ಕರೆ ಬಂತು. ಮಂಗಳೂರಿನವರೆಗೆ ಸಮುದ್ರದಲ್ಲಿ ಸಾಗಿ, ಅಲ್ಲಿಂದ ಘಟ್ಟ ಹತ್ತಿ ಅವನು ವಿಜಯನಗರ ಸೇರಿದ.

ಆ ಕಾಲದ ಶಾಸನಗಳು ನಮಗೆ ಬೇಕಾದಷ್ಟಿವೆ. ಅವು ಮುಖ್ಯವಾಗಿ ಹೇಳುವುದು ದಾನ, ದತ್ತಿ, ತೆರಿಗೆ, ಗೆಲುವುಗಳ ವಿಷಯ. ದಿನಬೆಳಗಾದರೆ ಕಣ್ಣಿಗೆ ಬೀಳುವುದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಅದನ್ನು ಬರೆದಿಡಲು, ಅದೆಲ್ಲ ಹೊಸದಾಗಿ ಕಾಣುವ ಹೊರಗಿನವನೊಬ್ಬ ಬರಬೇಕಾಯಿತು.

ಮೊದಲು ಅವನ ಗಮನ ಸೆಳೆದದ್ದು ಊರಿನ ವಿಸ್ತಾರ. ಒಂದರೊಳಗೊಂದು ಏಳು ಸುತ್ತಿನ ಕೋಟೆ. ಹೊರಗೋಡೆಯ ಮುಂದೆ ಆಳೆತ್ತರದ ಕಲ್ಲುಗಳನ್ನು ಒತ್ತೊತ್ತಾಗಿ ನೆಟ್ಟು, ಕುದುರೆಯಾಗಲಿ ಕಾಲಾಳಾಗಲಿ ಸುಲಭವಾಗಿ ನುಗ್ಗದಂತೆ ಮಾಡಿದ್ದರು. ಹೊರಗಿನ ಸುತ್ತುಗಳ ನಡುವೆ ಹೊಲ, ತೋಟ, ಮನೆಗಳು. ಒಳಸುತ್ತುಗಳಲ್ಲಿ ಸಾಲು ಅಂಗಡಿ, ಕಾಲಿಡಲು ಜಾಗವಿಲ್ಲದಷ್ಟು ಜನ. ಅರಮನೆಯ ಹತ್ತಿರ ನಾಲ್ಕು ದೊಡ್ಡ ಪೇಟೆಗಳು. ಅಲ್ಲಿ ಮುತ್ತು, ವಜ್ರ, ಮಾಣಿಕ್ಯ, ಪಚ್ಚೆಗಳನ್ನು ಹಾಡಹಗಲೇ ಬಯಲಲ್ಲಿ ಹರಡಿಕೊಂಡು ಮಾರುತ್ತಿದ್ದರು. ನಯಗೊಳಿಸಿದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು. ಕಲ್ಲಿನ ನೀರ್ಗಾಲುವೆಗಳ ಅವಶೇಷಗಳನ್ನು ಇಂದೂ ಹಂಪಿಯಲ್ಲಿ ನೋಡಬಹುದು.

ರತ್ನಗಳಷ್ಟೇ ಅವನನ್ನು ಬೆರಗುಗೊಳಿಸಿದ್ದು ಗುಲಾಬಿ. ಪೇಟೆಯಲ್ಲಿ ಎಲ್ಲಿ ನೋಡಿದರೂ ಗುಲಾಬಿ ರಾಶಿ. ಈ ಜನಕ್ಕೆ ಹೂವಿಲ್ಲದೆ ಬದುಕುವುದು ಸಾಧ್ಯವಿಲ್ಲ, ಅನ್ನದಷ್ಟೇ ಹೂವೂ ಬೇಕು ಎಂಬುದು ಅವನ ತೀರ್ಮಾನ. ಇನ್ನೊಂದು ಅಚ್ಚರಿ ವೀಳ್ಯದೆಲೆ. ಎಲೆಯ ಆಕಾರ, ಅಡಕೆ ಸುಣ್ಣ ಸೇರಿಸುವ ಕ್ರಮ, ಒಮ್ಮೆಗೆ ಎಷ್ಟು ಎಲೆ ಬಾಯಿಗೆ ಹಾಕುತ್ತಾರೆ ಎಂಬುದನ್ನೆಲ್ಲ ಹೆರಾತಿನ ಓದುಗರಿಗಾಗಿ ವಿವರಿಸಿದ. ಅದು ಮುಖಕ್ಕೆ ಕಳೆ ಕೊಡುತ್ತದೆ, ಹಸಿವು ತಣಿಸುತ್ತದೆ ಎಂದು ಹೊಗಳಿದ. ದೊರೆಯ ಮೊದಲ ಭೇಟಿಯಲ್ಲೂ ಅವನಿಗೆ ಸಿಕ್ಕಿದ್ದು ವೀಳ್ಯ, ಕರ್ಪೂರ ಮತ್ತು 500 ಹಣಗಳ ಚೀಲ. ನಿಮ್ಮಲ್ಲಿ ರಾಯಭಾರಿಯನ್ನು ಪಂಕ್ತಿಯಲ್ಲಿ ಕೂರಿಸಿ ಉಣಿಸುತ್ತಾರೆ. ನಾವು ನೀವು ಕೂಡಿ ಉಣ್ಣುವಂತಿಲ್ಲವಾದ್ದರಿಂದ ಈ ಚೀಲವೇ ನಮ್ಮ ಔತಣ ಎಂಬ ಅರ್ಥದ ಮಾತನ್ನು ದೊರೆ ಆಡಿದನಂತೆ. ಪಂಕ್ತಿಭೇದದ ಕಟ್ಟುಪಾಡನ್ನು ಮೀರದೆ ಅತಿಥಿಯ ಮಾನ ಉಳಿಸಿದ ಬಗೆ ಇದು.

ನಾಣ್ಯಗಳ ಲೆಕ್ಕವನ್ನೂ ಅವನು ಬಿಡಲಿಲ್ಲ. ಚಿನ್ನದಲ್ಲಿ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಹಣ. ಬೆಳ್ಳಿಯಲ್ಲಿ ತಾರ, ತಾಮ್ರದಲ್ಲಿ ಜಿತಲ್. ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ ಸಿಗುತ್ತಿತ್ತೆಂದೂ ಬರೆದ. ಆನೆಗಳ ಊಟ ಕಂಡಂತೂ ಮೋಜುಪಟ್ಟ. ಬೇಯಿಸಿದ ಖಿಚಡಿಗೆ ಉಪ್ಪು, ಸಕ್ಕರೆ ಬೆರೆಸಿ ಭಾರಿ ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಬಾಯಿಗಿಡುತ್ತಿದ್ದರಂತೆ. ಏನಾದರೊಂದು ಮರೆತರೆ ಆನೆ ಮಾವುತನ ಮೇಲೇ ತಿರುಗಿ ಬೀಳುತ್ತಿತ್ತಂತೆ.

ಇವೆಲ್ಲಕ್ಕಿಂತ ಕನ್ನಡಿಗರಿಗೆ ಹತ್ತಿರದ ವಿವರವೊಂದು ಅರಮನೆಯ ಲೆಕ್ಕದ ಕಚೇರಿಯಲ್ಲಿದೆ. ಅಲ್ಲಿ ಬರವಣಿಗೆ ಎರಡು ತೆರ ಎಂದು ಅವನು ಹೇಳುತ್ತಾನೆ. ಒಂದು, ಉದ್ದನೆಯ ಓಲೆಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವುದು. ಇದು ಬಹುಕಾಲ ಬಾಳದು. ಇನ್ನೊಂದು, ಕಪ್ಪು ಬಳಿದ ಹಾಳೆಯ ಮೇಲೆ ಮೆದು ಕಲ್ಲಿನ ಕಡ್ಡಿಯಿಂದ ಬಿಳಿ ಅಕ್ಷರ ಬರೆಯುವುದು. ಇದು ಬಹುದಿನ ಬಾಳುತ್ತದೆ, ಇದಕ್ಕೇ ಬೆಲೆ ಹೆಚ್ಚು. ಮೆದು ಕಲ್ಲಿನ ಕಡ್ಡಿ ಎಂದರೆ ನಮ್ಮ ಬಳಪ. ಕಪ್ಪು ಹಾಳೆಯೇ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಸಿಡುತ್ತಿದ್ದ ಲೆಕ್ಕದ ಪುಸ್ತಕವದು. ಬಳಪದ ಬರಹ ಹೋದರೂ, ಸರ್ಕಾರಿ ಮೇಜಿನಿಂದ ಮೇಜಿಗೆ ಓಡಾಡುವ ಫೈಲಿಗೆ ನಾವು ಇಂದೂ ಕಡತವೆಂದೇ ಹೇಳುತ್ತೇವೆ.

ಹಾಗೆಂದು ಅವನ ಮಾತನ್ನೆಲ್ಲ ನಂಬಬೇಕೆ? ಸೇನೆಯಲ್ಲಿ ಹನ್ನೊಂದು ಲಕ್ಷ ಜನ, ರಾಜ್ಯದಲ್ಲಿ ಮುನ್ನೂರು ಬಂದರು ಎಂಬಂಥ ಅಂಕಿಗಳು ಅವನು ಎಣಿಸಿದವಲ್ಲ, ಕೇಳಿದವು. ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದೊಂದು ಮಣ ಬೆಣ್ಣೆ ಮತ್ತು ಸಕ್ಕರೆ, ಎರಡು ವರಹ ಪಡೆಯುತ್ತಿದ್ದವನಿಗೆ ಊರು ಚೆಂದವಾಗಿ ಕಂಡದ್ದರಲ್ಲಿ ವಿಶೇಷವಿಲ್ಲ. ಕೋಟೆಯ ಹೊರಸುತ್ತಿನಲ್ಲಿ ಉಳುತ್ತಿದ್ದವನ ಮನೆಯಲ್ಲಿ ಏನು ಬೇಯುತ್ತಿತ್ತು ಎಂಬುದು ಅವನ ಬರಹದಲ್ಲಿಲ್ಲ. ಅವನ ಅದೃಷ್ಟವೂ ಕೊನೆಯವರೆಗೆ ಒಂದೇ ಸಮ ಇರಲಿಲ್ಲ. ಇವನು ನಿಜವಾದ ರಾಯಭಾರಿಯೇ ಅಲ್ಲ ಎಂದು ಹೋರ್ಮುಜ್‌ನ ವರ್ತಕರು ಸುದ್ದಿ ಹಬ್ಬಿಸಿದರು; ದಂಡನಾಯಕ ಯುದ್ಧಕ್ಕೆ ಹೋದಾಗ ಅಧಿಕಾರಕ್ಕೆ ಬಂದವನು ಪಡಿಯನ್ನೇ ನಿಲ್ಲಿಸಿದ. ಆದರೂ ಊರಿನ ಬಗ್ಗೆ ಮೊದಲು ಮೂಡಿದ ಮೆಚ್ಚುಗೆಯನ್ನು ಅವನು ಅಳಿಸಲಿಲ್ಲ.

ಊರಿಗೆ ಮರಳಿ ಇದನ್ನೆಲ್ಲ ತನ್ನ ಪಾರ್ಸಿ ಇತಿಹಾಸ ಗ್ರಂಥದಲ್ಲಿ ಸೇರಿಸಿದ. ವಿಜಯನಗರ 1565ರಲ್ಲಿ ಹಾಳಾಯಿತು. ಅದರ ಅವಶೇಷಗಳಿಗೆ 1986ರಲ್ಲಿ ವಿಶ್ವ ಪರಂಪರೆಯ ಸ್ಥಾನ ದೊರೆಯಿತು. ಕಲ್ಲಿನ ಮಂಟಪಗಳು, ಬೀದಿಗಳು ಉಳಿದಿವೆ. ಆ ಬೀದಿಯಲ್ಲಿ ಹೂ ಮಾರುತ್ತಿದ್ದವರ ಹೆಸರು ಉಳಿದಿಲ್ಲ. ಅಲ್ಲಿ ಹೂ ಮಾರುತ್ತಿದ್ದರು ಎಂಬುದು ಉಳಿದಿದ್ದರೆ, ಸೆಕೆ ತಾಳಲಾರದೆ ಬೆವರಿದ ಪರದೇಶಿಯೊಬ್ಬ ಅದನ್ನು ಬರೆಯಲು ಮರೆಯದ ಕಾರಣಕ್ಕೆ.