ಕಸದಬುಟ್ಟಿ ಕಳೆದುಹೋದ ಕಥೆ

ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದೆ, ಸಾಗರದಿಂದ ದೊಡ್ಡಪ್ಪನ ಫೋನು. “ಮಾರಾಯ, ಕಂಪ್ಯೂಟರಿನ ಕಸದಬುಟ್ಟೀನೇ ಕಾಣ್ತಿಲ್ಲ ಕಣೋ. ಕೆರೆ ಫೈಲು ಅದರೊಳಗಿತ್ತು!”

ಮೊದಲು ನಗು ಬಂತು. ಕೆರೆ ಫೈಲು ಅಂದಕೂಡಲೇ ನಿಂತೂಹೋಯಿತು. ಮೇಷ್ಟ್ರ ಕೆಲಸದಿಂದ ನಿವೃತ್ತರಾದ ದೊಡ್ಡಪ್ಪ ಎರಡು ವರ್ಷದಿಂದ ಸುತ್ತಲಿನ ಕೆರೆಗಳ ಚರಿತ್ರೆ ಬರೀತಿದಾರೆ. ಯಾವ ಕೆರೆ ಯಾರು ಕಟ್ಟಿಸಿದ್ದು, ತೂಬು ಎತ್ತೋರು ಯಾರು, ಹೂಳು ತೆಗೆಯೋ ಸರದಿ ಯಾವ ಮನೆಯದು, ಎಲ್ಲವೂ ಹಳಬರ ಬಾಯಿಂದ ಕೇಳಿ ಬರೆದದ್ದು. ಹೇಳಿದವರಲ್ಲಿ ಇಬ್ಬರು ಈಗ ಇಲ್ಲ. ಬೇರೆ ಬೇರೆ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲು ಕಂಡು, ಹಳೇದು ಅಂದುಕೊಂಡು ಹೊಸದನ್ನೇ ಡಿಲೀಟ್ ಮಾಡಿದಾರೆ. ವಾಪಸ್ ತೆಗೆಯೋಣ ಅಂತ ಪ್ಯಾನೆಲ್ಲಿನ ಬುಟ್ಟಿ ಮೇಲೆ ಬಲ ಕ್ಲಿಕ್ ಮಾಡಿ, ತೆರೆಯೋ ಬದಲು ‘ಪ್ಯಾನೆಲ್‌ನಿಂದ ತೆಗೆ’ ಅನ್ನೋದನ್ನು ಒತ್ತಿಬಿಟ್ಟಿದಾರೆ. ಬುಟ್ಟಿ ಮಾಯ!

“ಏನೂ ಮುಟ್ಬೇಡಿ ದೊಡ್ಡಪ್ಪ, ಫೈಲು ಎಲ್ಲೂ ಹೋಗಿಲ್ಲ” ಅಂದೆ. ಹಾಗೆ ಧೈರ್ಯವಾಗಿ ಹೇಳೋಕೆ ಸಾಧ್ಯವಾದದ್ದರ ಹಿಂದೆ ನಾಲ್ಕು ದಶಕದ ಚರಿತ್ರೆಯಿದೆ.

ಲಿನಕ್ಸ್ ತನ್ನ ರೀತಿನೀತಿಗಳನ್ನು ಕಲಿತದ್ದು ಯುನಿಕ್ಸ್‌ನಿಂದ. ಬೆಲ್ ಲ್ಯಾಬ್ಸ್‌ನವರು 1971ರ ನವೆಂಬರಿನಲ್ಲಿ ಹೊರತಂದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಫೈಲು ಅಳಿಸುವ ‘ಆರ್‌ಎಂ’ ಆಜ್ಞೆ ಇದೆ. ಅದಕ್ಕೆ ಬುಟ್ಟಿಗಿಟ್ಟಿ ಗೊತ್ತಿಲ್ಲ. ಒತ್ತಿದಿರೋ, ಹೋಯಿತು.

1983ರಲ್ಲಿ ಆಪಲ್ ಕಂಪನಿ ‘ಲಿಸಾ’ ಅನ್ನೋ ಕಂಪ್ಯೂಟರ್ ತಂದಿತು. ಬೆಲೆ 9,995 ಡಾಲರ್. ಅದರ ಪರದೆಯ ಮೇಲೊಂದು ಕಸದಬುಟ್ಟಿಯ ಚಿತ್ರವಿತ್ತು. ಮರುವರ್ಷ ಬಂದ ಮ್ಯಾಕಿಂತೋಷ್‌ನಲ್ಲೂ ಬುಟ್ಟಿ ಬಂತು. ಎಸೆಯೋದಕ್ಕೂ ಕಳೆದುಕೊಳ್ಳೋದಕ್ಕೂ ನಡುವೆ ಒಂದಿಷ್ಟು ಜಾಗ ಸಿಕ್ಕಿತು. ಆದರೂ ಮೊದಮೊದಲು ಆ ಜಾಗ ತೀರಾ ಚಿಕ್ಕದು. ಮ್ಯಾಕಿನಲ್ಲಿ ಯಂತ್ರ ಆರಿಸಿದರೆ ಬುಟ್ಟಿ ತಾನೇ ಖಾಲಿಯಾಗುತ್ತಿತ್ತು. 1991ರಲ್ಲಿ ಸಿಸ್ಟಮ್ 7 ಬಂದಮೇಲೆ, ನಾವಾಗಿ ಖಾಲಿ ಮಾಡೋ ತನಕ ಒಳಗಿದ್ದದ್ದು ಉಳಿಯತೊಡಗಿತು. ಇದೇ ಬುಟ್ಟಿಗೆ ಫ್ಲಾಪಿಯನ್ನು ಎಳೆದುಹಾಕಿದರೆ ಫ್ಲಾಪಿ ಹೊರಗೆ ಬರುತ್ತಿತ್ತು. ಇದ್ದದ್ದೆಲ್ಲ ಅಳಿಸಿಹೋಗುತ್ತೇನೋ ಅಂತ ಹೊಸಬರು ಹೆದರುತ್ತಿದ್ದರು!

ಬುಟ್ಟಿ ಕೋರ್ಟಿಗೂ ಹೋಗಿ ಬಂದಿದೆ. ಪರದೆಯ ರೂಪವನ್ನು ನಕಲು ಮಾಡಿದ್ದಾರೆಂದು 1988ರಲ್ಲಿ ಆಪಲ್, ಮೈಕ್ರೋಸಾಫ್ಟ್ ಮತ್ತು ಹ್ಯೂಲೆಟ್ ಪ್ಯಾಕರ್ಡ್ ಮೇಲೆ ದಾವೆ ಹೂಡಿತು. ಆ ಜಗಳದಲ್ಲಿ ಬುಟ್ಟಿಯ ಚಿತ್ರವೂ ಒಂದು ವಿಷಯ. 1994ರಲ್ಲಿ ಮೇಲ್ಮನವಿಯಲ್ಲೂ ಆಪಲ್ ಸೋತಿತು. ಮರುವರ್ಷ ಬಂದ ವಿಂಡೋಸ್ 95ರಲ್ಲಿ ಬುಟ್ಟಿ ಇತ್ತು, ‘ರೀಸೈಕಲ್ ಬಿನ್’ ಅನ್ನೋ ಹೆಸರಲ್ಲಿ.

ಲಿನಕ್ಸ್‌ಗೆ 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಡೆಸ್ಕ್‌ಟಾಪಿನ ಕೆಲಸ ಶುರುವಾಯಿತು. ಎರಡಕ್ಕೂ ಅವರವರದೇ ಬುಟ್ಟಿ, ಬೇರೆ ಬೇರೆ ಜಾಗ. ಇಲ್ಲಿ ಎಸೆದದ್ದು ಅಲ್ಲಿ ಕಾಣದು. 2004ರ ಸುಮಾರಿಗೆ ಎಲ್ಲರಿಗೂ ಒಂದೇ ಪದ್ಧತಿ ಬರೆಯುವ ಕೆಲಸ ನಡೆಯಿತು. ಎಸೆದ ಫೈಲು ನಿಮ್ಮ ಹೋಮ್ ಫೋಲ್ಡರಿನೊಳಗಿನ ಒಂದು ಗುಪ್ತ ಜಾಗಕ್ಕೆ ಹೋಗುತ್ತೆ. ಜೊತೆಗೊಂದು ಪುಟ್ಟ ಚೀಟಿ: ಇದು ಎಲ್ಲಿತ್ತು, ಯಾವತ್ತು, ಎಷ್ಟು ಗಂಟೆಗೆ ಎಸೆದದ್ದು. ಪ್ಯಾನೆಲ್ಲಿನ ಬುಟ್ಟಿ ಆ ಜಾಗದ ಬಾಗಿಲು ಅಷ್ಟೇ. ಬಾಗಿಲು ಕಿತ್ತರೂ ಒಳಗಿನ ಸಾಮಾನು ಅಲ್ಲೇ ಇರುತ್ತೆ.

2011ರಲ್ಲಿ ಗ್ನೋಮ್ 3 ಬಂದಾಗ ಹಳೇ ಪ್ಯಾನೆಲ್ ಹೋಯಿತು, ಅದರ ಜೊತೆ ಮೂಲೆಯ ಬುಟ್ಟಿಯೂ ಹೋಯಿತು. ಅದನ್ನು ಒಪ್ಪದವರು ಗ್ನೋಮ್ 2 ಅನ್ನೇ ‘ಮಾತೆ’ ಅನ್ನೋ ಹೆಸರಲ್ಲಿ ಮುಂದುವರಿಸಿದರು. ದಕ್ಷಿಣ ಅಮೆರಿಕದಲ್ಲಿ ಕುಡಿಯೋ ಒಂದು ಕಷಾಯದ ಹೆಸರು ಅದು. ದೊಡ್ಡಪ್ಪನಿಗೆ ನಾನು ಹಾಕಿಕೊಟ್ಟದ್ದು ಇದನ್ನೇ. ಅವರು ಇವತ್ತಿಗೂ ಅದನ್ನು ಕನ್ನಡದ ಮಾತೆ ಅಂತಲೇ ತಿಳಿದಿದಾರೆ.

“ಪ್ಯಾನೆಲ್ಲಿನ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ. ‘ಪ್ಯಾನೆಲ್‌ಗೆ ಸೇರಿಸು’ ಅಂತಿದ್ಯಾ? ಒತ್ತಿ. ಪಟ್ಟಿಯಲ್ಲಿ ಕಸದಬುಟ್ಟಿ ಹುಡುಕಿ.”

“ಹ್ಞಾಂ, ಬಂತು ಬಂತು!”

“ತೆರೀರಿ. ಫೈಲಿನ ಮೇಲೆ ಬಲ ಕ್ಲಿಕ್, ‘ಮರುಸ್ಥಾಪಿಸು’.”

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, “ಚೌಡಿಕೆರೆ ಹೂಳಿನ ಸರದಿ... ಇದೆ ಕಣೋ, ಎಲ್ಲಾ ಇದೆ” ಅಂದರು.

ಬುಟ್ಟಿಗೂ ಒಂದು ಮಿತಿಯಿದೆ ಅಂತ ಅವರಿಗೆ ಹೇಳಿದೆ, ನಿಮಗೂ ಹೇಳ್ತೀನಿ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ, ಟರ್ಮಿನಲ್ಲಿನಲ್ಲಿ ‘ಆರ್‌ಎಂ’ ಕೊಟ್ಟರೆ ಫೈಲು ಬುಟ್ಟಿಗೆ ಹೋಗೋದೇ ಇಲ್ಲ. 1971ರ ಆಜ್ಞೆ ಇನ್ನೂ ಹಾಗೇ ಇದೆ. ಬೇಕಾದ್ದರ ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟಿರಿ.

ಬೆಳಿಗ್ಗೆ ನೋಡಿದರೆ ಮಿಂಚಂಚೆಯಲ್ಲಿ ಕೆರೆ ಫೈಲು ಬಂದಿತ್ತು. ಕೆಳಗೊಂದು ಸಾಲು: “ನಿನ್ನ ಹತ್ರಾನೂ ಒಂದು ಇರ್ಲಿ.”