ಡಾರ್ಕ್ ವೆಬ್: ಮುಸುಕು ಉಂಟು, ರಕ್ಷೆ ಇಲ್ಲ

ಗೂಗಲ್‌ನಂತಹ ಶೋಧಕ ಯಂತ್ರಗಳಿಗೆ ಸಿಗದ, ಸಾಮಾನ್ಯ ಬ್ರೌಸರ್‌ನಲ್ಲಿ ತೆರೆಯದ ಅಂತರ್ಜಾಲ ತಾಣಗಳ ಸಮೂಹವನ್ನು ಡಾರ್ಕ್ ವೆಬ್ ಎನ್ನಲಾಗುತ್ತದೆ. ಇದರ ಬಹುಭಾಗ 'ಟಾರ್' ಜಾಲದಲ್ಲಿದ್ದು, ಅಲ್ಲಿನ ತಾಣಗಳ ವಿಳಾಸ 'ಡಾಟ್ ಆನಿಯನ್' ಎಂದು ಮುಗಿಯುತ್ತದೆ. ಪಾಸ್‌ವರ್ಡ್‌ನ ಹಿಂದಿರುವ ಬ್ಯಾಂಕ್ ಖಾತೆ, ಇ-ಮೇಲ್ ಮುಂತಾದವು 'ಡೀಪ್ ವೆಬ್'. ಅದು ಬೇರೆ, ಇದು ಬೇರೆ.

ಟಾರ್‌ನ ಮೂಲ ಕಲ್ಪನೆ 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿತು. ಬಳಕೆದಾರನ ಮಾಹಿತಿಯನ್ನು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಗೂಢಲಿಪಿಯಲ್ಲಿ ಸುತ್ತಿ, ಹಲವು ಗಣಕಗಳ ಮೂಲಕ ದಾಟಿಸಲಾಗುತ್ತದೆ. ಹೀಗಾಗಿ ಯಾರು ಎಲ್ಲಿಂದ ಬಂದರೆಂಬುದು ತಾಣಕ್ಕೆ ತಿಳಿಯುವುದಿಲ್ಲ. ಇದರ ಸದುಪಯೋಗವೂ ಇದೆ: ಸುದ್ದಿಗೆ ನಿರ್ಬಂಧವಿರುವ ದೇಶಗಳ ಓದುಗರಿಗಾಗಿ ಬಿಬಿಸಿ 2019ರಲ್ಲಿ ತನ್ನ ಆನಿಯನ್ ತಾಣವನ್ನು ತೆರೆಯಿತು.

ಆದರೆ ಟಾರ್ ಮರೆಮಾಡುವುದು ದಾರಿಯನ್ನು ಮಾತ್ರ. ದಾರಿಯ ಕೊನೆಯಲ್ಲಿ ಕುಳಿತವರು ಯಾರೆಂಬುದಕ್ಕೆ ಅದು ಹೊಣೆಯಲ್ಲ. 2007ರಲ್ಲಿ ಸ್ವೀಡನ್ನಿನ ಭದ್ರತಾ ತಜ್ಞ ಡ್ಯಾನ್ ಎಗರ್‌ಸ್ಟಾಡ್ ಟಾರ್‌ನ ಕೊನೆಯ ಗಣಕಗಳನ್ನು ತಾನೇ ನಡೆಸಿ, ಗೂಢಲಿಪಿಯಿಲ್ಲದೆ ಹಾದುಹೋದ ಇ-ಮೇಲ್ ಪಾಸ್‌ವರ್ಡ್‌ಗಳನ್ನು ಹಿಡಿದರು. ಅವರು ಪ್ರಕಟಿಸಿದ ನೂರು ಖಾತೆಗಳ ಪಟ್ಟಿಯಲ್ಲಿ ಭಾರತದ ರಾಯಭಾರ ಕಚೇರಿಗಳ ಖಾತೆಗಳೂ ಇದ್ದವು!

ಇದಕ್ಕಿಂತ ದೊಡ್ಡ ಪಾಠ 'ಹನ್ಸಾ' ಎಂಬ ಮಾದಕವಸ್ತು ಮಾರುಕಟ್ಟೆಯದು. 2017ರ ಜೂನ್‌ನಲ್ಲಿ ನೆದರ್‌ಲೆಂಡ್ಸ್ ಪೊಲೀಸರು ಅದನ್ನು ಮುಚ್ಚದೆ, ಗುಟ್ಟಾಗಿ ವಶಪಡಿಸಿಕೊಂಡು ತಾವೇ ನಡೆಸತೊಡಗಿದರು. ಜುಲೈನಲ್ಲಿ ಪ್ರತಿಸ್ಪರ್ಧಿ 'ಆಲ್ಫಾಬೇ' ಸ್ಥಗಿತಗೊಂಡಾಗ, ಅದರ ಗಿರಾಕಿಗಳು ಹಿಂಡುಹಿಂಡಾಗಿ ಬಂದು ಪೊಲೀಸರ ಅಂಗಡಿಗೇ ಸೇರಿದರು. ಪಾಸ್‌ವರ್ಡ್, ಸಂದೇಶ, ಮನೆ ವಿಳಾಸ ಎಲ್ಲವೂ ದಾಖಲಾದವು. ಸುಮಾರು 10 ಸಾವಿರ ವಿದೇಶಿ ಖರೀದಿದಾರರ ವಿಳಾಸಗಳು ಯೂರೋಪೋಲ್‌ಗೆ ತಲುಪಿದವು. ಆಲ್ಫಾಬೇ ನಡೆಸುತ್ತಿದ್ದ ಅಲೆಕ್ಸಾಂಡರ್ ಕಾಜೆಸ್‌ನ ಸುಳಿವು ಸಿಕ್ಕಿದ್ದೂ ತಂತ್ರಜ್ಞಾನದ ಸೋಲಿನಿಂದಲ್ಲ: ಹೊಸ ಸದಸ್ಯರಿಗೆ ಹೋಗುತ್ತಿದ್ದ ಸ್ವಾಗತ ಪತ್ರದಲ್ಲಿ ಆತನ ಸ್ವಂತ ಹಾಟ್‌ಮೇಲ್ ವಿಳಾಸ ಉಳಿದುಬಿಟ್ಟಿತ್ತು.

ಪೊಲೀಸರಿಲ್ಲದ ಕಡೆ ವಂಚಕರಿರುತ್ತಾರೆ. 2015ರ ಮಾರ್ಚ್‌ನಲ್ಲಿ 'ಎವಲ್ಯೂಷನ್' ಮಾರುಕಟ್ಟೆಯ ಒಡೆಯರು ಗಿರಾಕಿಗಳ ಬಿಟ್‌ಕಾಯಿನ್ ಸಮೇತ ಕಣ್ಮರೆಯಾದರು. ಮೋಸಹೋದವರು ಯಾವ ಠಾಣೆಯ ಮೆಟ್ಟಿಲು ಹತ್ತಿಯಾರು?

ಅಧ್ಯಯನ ಅಥವಾ ವರದಿಗಾರಿಕೆಗೆ ಇಲ್ಲಿ ಪ್ರವೇಶಿಸಲೇಬೇಕಾದವರು ಟಾರ್ ಬ್ರೌಸರನ್ನು ಟಾರ್ ಪ್ರಾಜೆಕ್ಟ್ ಸಂಸ್ಥೆಯ ತಾಣದಿಂದಲೇ ಇಳಿಸಿಕೊಳ್ಳಬೇಕು. ಸದಾ ಇತ್ತೀಚಿನ ಆವೃತ್ತಿಯನ್ನೇ ಬಳಸಬೇಕು. 2013ರಲ್ಲಿ ಅಮೆರಿಕದ ಎಫ್‌ಬಿಐ ಬ್ರೌಸರ್‌ನ ಒಂದು ದೋಷದ ಮೂಲಕ ಬಳಕೆದಾರರನ್ನು ಗುರುತಿಸಿದಾಗ, ಅದಕ್ಕೂ ಮೊದಲೇ ಬಂದಿದ್ದ ಪರಿಷ್ಕೃತ ಆವೃತ್ತಿಯನ್ನು ಹಾಕಿಕೊಳ್ಳದವರೇ ಸಿಕ್ಕಿಬಿದ್ದರು. ಭದ್ರತಾ ಮಟ್ಟವನ್ನು 'ಸೇಫೆಸ್ಟ್'ಗೆ ಏರಿಸಿದರೆ ಜಾವಾಸ್ಕ್ರಿಪ್ಟ್ ನಿಷ್ಕ್ರಿಯವಾಗುತ್ತದೆ. ಇಳಿಸಿಕೊಂಡ ಕಡತಗಳನ್ನು ಅಂತರ್ಜಾಲ ಸಂಪರ್ಕವಿರುವಾಗ ತೆರೆಯಬಾರದು; ಅವು ಟಾರ್‌ನ ಹೊರಗಿನಿಂದ ಸಂಪರ್ಕ ಸಾಧಿಸಿ ನಿಜವಾದ ಐಪಿ ವಿಳಾಸವನ್ನು ಬಯಲುಮಾಡಬಲ್ಲವು. ಬೇರೆಡೆ ಬಳಸಿದ ಹೆಸರು, ಪಾಸ್‌ವರ್ಡ್, ಫೋನ್ ಸಂಖ್ಯೆ ಇಲ್ಲಿ ಸಲ್ಲದು. ಆನಿಯನ್ ವಿಳಾಸದಲ್ಲಿ 56 ಅಕ್ಷರಗಳಿರುವುದರಿಂದ ನಕಲಿ ತಾಣವನ್ನು ಕಣ್ಣಳತೆಯಲ್ಲಿ ಗುರುತಿಸುವುದು ಕಷ್ಟ. ಸಂಬಂಧಿಸಿದ ಸಂಸ್ಥೆಯ ಸಾಮಾನ್ಯ ತಾಣದಲ್ಲಿ ಅದನ್ನು ತಾಳೆ ನೋಡುವುದು ಲೇಸು.

ಟಾರ್ ಬಳಸುತ್ತಿರುವ ಸಂಗತಿ ಮಾತ್ರ ಸಂಪರ್ಕ ಒದಗಿಸುವ ಕಂಪನಿಗೆ ಕಾಣಬಲ್ಲದು. ಭಾರತದಲ್ಲಿ ಟಾರ್ ಬಳಕೆಯೇ ಅಪರಾಧವಲ್ಲ, ಅಲ್ಲಿ ಮಾಡುವ ಕೆಲಸ ಅಪರಾಧವಾಗಬಹುದು. ಮಕ್ಕಳ ಅಶ್ಲೀಲ ದೃಶ್ಯಗಳನ್ನು ಹುಡುಕುವುದು, ಇಳಿಸಿಕೊಳ್ಳುವುದು ಸಹ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಮೊದಲ ಬಾರಿಗೆ ಐದು ವರ್ಷಗಳವರೆಗೆ ಸೆರೆವಾಸ, 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮಾದಕವಸ್ತು ತರಿಸಿಕೊಂಡವರಿಗೆ 1985ರ ಎನ್‌ಡಿಪಿಎಸ್ ಕಾಯ್ದೆ ಅನ್ವಯಿಸುತ್ತದೆ. ಸೈಬರ್ ವಂಚನೆಯಲ್ಲಿ ಹಣ ಕಳೆದುಕೊಂಡವರು 1930 ಸಹಾಯವಾಣಿಗೆ ದೂರು ನೀಡಬಹುದು.